ಎರಡು ರಾತ್ರಿಯ ಸ್ಲೀಪರ್ ಪ್ರಯಾಣ: ಸೀಟಿನಡಿಗೆ ಏನು, ತಲೆದೆಸೆಗೆ ಏನು?

ತುಮಕೂರಿನವ:

ನಮಸ್ಕಾರ. ಬರುವ ಡಿಸೆಂಬರ್ ಮೂರನೇ ವಾರ ಮನೆಮಂದಿಯೆಲ್ಲ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಂದ ದೆಹಲಿಗೆ ಹೊರಟಿದ್ದೇವೆ. ಅಪ್ಪನಿಗೆ 71, ಅಮ್ಮನಿಗೆ 66, ನಾನು, ನನ್ನ ಹೆಂಡತಿ, ಮೂರು ವರ್ಷದ ಮಗಳು. ಅಣ್ಣ ಅಲ್ಲಿ ಹೊಸದಾಗಿ ಮನೆ ಮಾಡಿದ್ದಾನೆ. ಬರಿಗೈಲಿ ಹೋಗೋಕೆ ಅಮ್ಮನಿಗೆ ಮನಸ್ಸಿಲ್ಲ. ರಾಗಿ ಹಿಟ್ಟು 10 ಕಿಲೋ, ಹುರುಳಿಕಾಳು 5 ಕಿಲೋ, ಹುಣಸೆಹಣ್ಣು, ಸಾರಿನಪುಡಿ, ಎರಡು ಭರಣಿ ಉಪ್ಪಿನಕಾಯಿ, ಮುದ್ದೆ ತಿರುವೋ ಕೋಲು ಎಲ್ಲ ಆಗಲೇ ಹಜಾರದ ಮೂಲೆಗೆ ಬಂದು ಕೂತಿವೆ. ಇದರ ಮೇಲೆ 28 ಇಂಚಿನ ಎರಡು ಟ್ರಾಲಿ, ಒಂದು ಏರ್‌ಬ್ಯಾಗು, ಮಗಳ ಬ್ಯಾಗು, ಊಟದ ಬುಟ್ಟಿ.

ಸ್ಲೀಪರ್‌ನಲ್ಲಿ 17, 18, 20 ಮತ್ತು 24 ಸಿಕ್ಕಿದೆ. ಮಗಳಿಗೆ ಐದು ತುಂಬಿಲ್ಲವಾದ್ದರಿಂದ ಟಿಕೆಟ್ಟೂ ಇಲ್ಲ, ಬರ್ತೂ ಇಲ್ಲ. ಅಮ್ಮನಿಗೆ ಮಂಡಿನೋವು. ಅಪ್ಪ ರಾತ್ರಿ ಎರಡು ಮೂರು ಸಲ ಏಳಬೇಕು. ಲಗೇಜಿನ ಮಧ್ಯೆ ಇವರಿಬ್ಬರೂ ಕಾಲು ಮಡಚಿಕೊಂಡು ಎರಡು ರಾತ್ರಿ ಕಳೆಯೋ ಹಾಗಾಗಬಾರದು. ಹೇಗೆ ತುಂಬಿಸಬೇಕು, ಎಲ್ಲಿ ಇಡಬೇಕು, ಯಾರನ್ನ ಎಲ್ಲಿ ಮಲಗಿಸಬೇಕು? ಈ ದಾರಿಯಲ್ಲಿ ಓಡಾಡಿದವರು ದಯವಿಟ್ಟು ತಿಳಿಸಿ.

ಹಳೇ ಹಳಿ:

ನೌಕರಿ ದೆಸೆಯಿಂದ 19 ವರ್ಷ ಇದೇ ದಾರಿ ತುಳಿದವನು ನಾನು. ಗುಂತಕಲ್, ರಾಯಚೂರು, ವಾಡಿ, ಸೋಲಾಪುರ, ಮನ್ಮಾಡ್, ಇಟಾರ್ಸಿ, ಭೋಪಾಲ್, ಝಾನ್ಸಿ ಎಲ್ಲ ಕಣ್ಣು ಮುಚ್ಚಿ ಹೇಳಬಲ್ಲೆ. ಸುಮಾರು 2,400 ಕಿಲೋಮೀಟರ್. ಒಂದು ವಿಷಯ ಮಾತ್ರ ಮನಸ್ಸಿಗೆ ಹಾಕಿಕೊಳ್ಳಿ. ಸಾಮಾನನ್ನ ಯಾರದು ಅಂತ ವಿಂಗಡಿಸಬೇಡಿ, ಯಾವ ಹೊತ್ತಿಗೆ ಬೇಕು ಅಂತ ವಿಂಗಡಿಸಿ. ಅಪ್ಪನ ಬ್ಯಾಗು, ಹೆಂಡತಿ ಬ್ಯಾಗು, ಮಗಳ ಬ್ಯಾಗು ಅಂತ ಮಾಡಿಕೊಂಡು ಹೋದರೆ ಒಂದು ಟವಲಿಗಾಗಿ ಅಷ್ಟನ್ನೂ ಎಳೆದು ಬಿಚ್ಚೋ ಕೆಲಸ. ಗಾಡಿಯಲ್ಲಿ ಜಾಗ ಸಾಲದೆ ಹೋಗೋದು ಸಾಮಾನು ಜಾಸ್ತಿಯಾಗಿ ಅಲ್ಲ, ಪದೇ ಪದೇ ಹೊರಗೆ ಎಳೆಯೋದರಿಂದ.

ಅಣ್ಣನ ಮನೆ ಬಾಗಿಲವರೆಗೂ ಬಿಚ್ಚಬೇಕಾಗಿಲ್ಲದ್ದು ಒಂದು ಕಡೆ. ರಾಗಿ ಹಿಟ್ಟು, ಕಾಳು, ದೆಹಲಿಯಲ್ಲಿ ಉಡೋ ಬಟ್ಟೆ. ಇದು ಬೆಂಗಳೂರಲ್ಲಿ ಸೀಟಿನಡಿಗೆ ಹೋದರೆ ದೆಹಲಿಯಲ್ಲೇ ಹೊರಗೆ ಬರಬೇಕು. ದಿನಕ್ಕೆ ಎರಡು ಮೂರು ಸಲ ಬೇಕಾಗೋದು ಇನ್ನೊಂದು ಕಡೆ: ಊಟ, ಹೊದಿಕೆ, ಮಗುವಿನ ಬದಲಿ ಬಟ್ಟೆ. ಇದು ಸೀಟಿನಡಿಯೇ, ಆದರೆ ಓಣಿಯ ಕಡೆ ಅಂಚಿಗೆ, ಕೈ ಹಾಕಿದರೆ ಸಿಗೋ ಹಾಗೆ. ಮೂರನೆಯದು ತಲೆದೆಸೆ ಚೀಲ. ಮಲಗಿದಾಗ ತಲೆಯ ಪಕ್ಕ ಇರೋದು. ಟಿಕೆಟ್ಟು, ಗುರುತಿನ ಚೀಟಿ, ದುಡ್ಡು, ಮಾತ್ರೆ, ಕನ್ನಡಕ, ಸಣ್ಣ ಟಾರ್ಚು, ಫೋನು, ಸೋಪಿನ ಕಾಗದ, ಒಂದು ತೆಳು ಟವಲು. ದೊಡ್ಡವರು ನಾಲ್ಕು ಜನಕ್ಕೂ ಒಂದೊಂದು ತಲೆದೆಸೆ ಚೀಲ ಇರಲಿ. ನಿಮ್ಮ ತಂದೆ ರಾತ್ರಿ ಏಳೋವರಾದ್ದರಿಂದ ಅವರ ಟಾರ್ಚು ಚೀಲದಲ್ಲಿ ಬೇಡ, ದಾರ ಕಟ್ಟಿ ಕಿಟಕಿ ಪಕ್ಕದ ಕೊಕ್ಕೆಗೆ ತೂಗುಹಾಕಿ. ಕತ್ತಲಲ್ಲಿ ಕೈ ನೇರವಾಗಿ ಅದಕ್ಕೇ ಹೋಗುತ್ತೆ.

ಈಗ ನಿಮ್ಮ ಟ್ರಾಲಿಗಳ ವಿಷಯ. ಸ್ಲೀಪರ್‌ನಲ್ಲಿ ಒಬ್ಬರಿಗೆ 40 ಕಿಲೋ ಉಚಿತ, ಅದರ ಮೇಲೆ 10 ಕಿಲೋ ವಿನಾಯಿತಿ. ನಾಲ್ಕು ಟಿಕೆಟ್ಟಿಗೆ 160 ಕಿಲೋ. ನೀವು ಹೇಳಿದ್ದೆಲ್ಲ ಸೇರಿದರೂ 100 ದಾಟಲ್ಲ. ತೂಕದ ಚಿಂತೆ ಬಿಡಿ. ತೊಂದರೆ ಇರೋದು ಅಳತೆಯಲ್ಲಿ. ರೈಲ್ವೆ ಲೆಕ್ಕದಲ್ಲಿ ಪೆಟ್ಟಿಗೆ 100 ಸೆಂ.ಮೀ. ಉದ್ದ, 60 ಅಗಲ, 25 ದಪ್ಪ ಮೀರಬಾರದು. 28 ಇಂಚಿನ ಟ್ರಾಲಿ ಉದ್ದಗಲದಲ್ಲಿ ಒಳಗೇ ಬರುತ್ತೆ, ದಪ್ಪದಲ್ಲಿ 30ರ ಆಸುಪಾಸು ಇರುತ್ತೆ. ಮೇಲಿನ ಜಿಪ್ಪು ಬಿಚ್ಚಿ ಹಿಗ್ಗಿಸಿದರಂತೂ ಮುಗೀತು. ಟೇಪು ಸಿಗದಿದ್ದರೆ ಕೈಯಲ್ಲೇ ಅಳೆಯಿರಿ: ಒಂದು ಗೇಣಿನ ಮೇಲೆ ಒಂದು ಬೆರಳು, ಅಷ್ಟೇ ದಪ್ಪ ಇರಲಿ. ಸಾಧ್ಯವಾದರೆ ಆ ಎರಡನ್ನೂ ಮನೆಯಲ್ಲೇ ಬಿಟ್ಟು ಮಧ್ಯಮ ಗಾತ್ರದ ಮೂರು ತಗೊಂಡು ಹೋಗಿ. ಒಂದು ದೊಡ್ಡದು ಸಿಕ್ಕಿಹಾಕಿಕೊಂಡರೆ ಅದರ ಹಿಂದಿನ ಜಾಗವೆಲ್ಲ ದಂಡ.

ಧಾರವಾಡದಾಕಿ:

ಹಳೇ ಹಳಿ ಅವರು ಹೇಳಿದ್ದು ಖರೆ ಐತ್ರಿ. ನಾವು ಹ್ವಾದ ವರ್ಷ ಹುಬ್ಬಳ್ಳಿಯಿಂದ ವಾರಣಾಸಿ ಗಾಡಿಗೆ ಹೋಗಿದ್ವಿ, ಒಂಬತ್ತು ಮಂದಿ ಹೆಣ್ಮಕ್ಕಳು. ಬುತ್ತಿ ಕಟ್ಟೂದರಾಗೂ ಇದ ಲೆಕ್ಕ. ಯಾವುದು ಮೊದಲು ಕೆಡತೈತಿ ಅದು ಮ್ಯಾಲೆ, ಕಡೀತನಕ ಬಾಳಿಕಿ ಬರೂದು ತಳಕ್ಕ.

ಮೊದಲನೇ ರಾತ್ರಿ ಚಪಾತಿ, ಬದನಿಕಾಯಿ ಪಲ್ಯ. ಮರುದಿನ ಮುಂಜಾನಿ ಅವಲಕ್ಕಿ, ಒಗ್ಗರಣಿ ಮನಿಯಾಗ ಹಾಕಿ ಒಣಾ ಒಯ್ಯೂದು. ಮಧ್ಯಾಹ್ನಕ್ಕ ಮೊಸರನ್ನ ಬೇಕಂದ್ರ ಮೊಸರು ಹಾಕಬ್ಯಾಡ್ರಿ, ಹಾಲು ಹಾಕಿ ಒಂದ ಚಮಚಿ ಮೊಸರು ಕಲಸ್ರಿ. ಉಣ್ಣೂ ಹೊತ್ತಿಗೆ ತಾನ ಹೆಪ್ಪಾಗಿರತೈತಿ, ಹುಳಿ ಬಂದಿರೂದಿಲ್ಲ. ಅದರ ಮುಂದಿನದಕ್ಕೆಲ್ಲಾ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಸಜ್ಜಿ ರೊಟ್ಟಿ, ಜ್ವಾಳದ ರೊಟ್ಟಿ ಹದಿನೈದು ದಿನ ಇಟ್ರೂ ಏನೂ ಆಗೂದಿಲ್ಲ. ಆದ್ರ ಮ್ಯಾಲೆ ಏನರ ಭಾರಾ ಬಿದ್ರ ಪುಡಿಪುಡಿ. ನಾವು ರೊಟ್ಟಿನ್ನ ಸ್ಟೀಲಿನ ಡಬ್ಬಿಯೊಳಗ ನಿಲ್ಲಿಸಿ ಸುತ್ತಲೂ ಹಳೇ ಧೋತರ ತುರುಕಿದ್ವಿ. ಕಾಶಿ ಮುಟ್ಟಿದ ಮ್ಯಾಲೆ ತಗದ್ರ ಒಂದೂ ಮುರದಿರಲಿಲ್ಲ.

ಉಪ್ಪಿನಕಾಯಿ ಭರಣಿಯೊಳಗ ಒಯ್ಯಬ್ಯಾಡ್ರಿ ತುಮಕೂರಿನವರ. ಗಾಡಿ ಅಳ್ಳಾಡಿದಂಗ ಎಣ್ಣಿ ಮ್ಯಾಲೆ ಬಂದು ಮುಚ್ಚಳದಾಗಿಂದ ಸೋರತೈತಿ. ತಿರುಪಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಬಾಯಿಗೆ ಪ್ಲಾಸ್ಟಿಕ್ ಹಾಳಿ ಕಟ್ಟಿ ಮ್ಯಾಲೆ ಮುಚ್ಚಳ ತಿರುವ್ರಿ. ಆಮ್ಯಾಲೆ ಆ ಡಬ್ಬಿ ರಾಗಿ ಹಿಟ್ಟಿನ ಚೀಲದ ನಡು ಹುಗಸ್ರಿ. ನೆಟ್ಟಗ ನಿಂತಿರತೈತಿ.

ಕುಂದಾಪ್ರ-ಕುರ್ಲಾ:

ನಾನು ಮತ್ಸ್ಯಗಂಧ ರೈಲಿನ ಪ್ರಯಾಣಿಕ, ವರ್ಷಕ್ಕೆ ಮೂರು ಸಲವಾದರೂ ಮುಂಬೈಯ ಕುರ್ಲಾದಿಂದ ಕುಂದಾಪುರಕ್ಕೆ ಬರುತ್ತೇನೆ. ನಮ್ಮದು ಒಂದೇ ರಾತ್ರಿ. ಆದರೂ ವಾಪಸ್ ಹೋಗುವಾಗ ಕುಚ್ಚಲಕ್ಕಿ, ತೆಂಗಿನಕಾಯಿ, ಹಲಸಿನ ಹಪ್ಪಳ ಇಲ್ಲದೆ ಯಾರೂ ಹತ್ತುವುದಿಲ್ಲ ಮಾರಾಯ್ರೆ. ತೆಂಗಿನಕಾಯಿಯನ್ನು ಒಂದೇ ಗೋಣಿಯಲ್ಲಿ ಹಾಕಿದರೆ ಸೀಟಿನಡಿ ಗುಡ್ಡೆಯಾಗಿ ನಿಲ್ಲುತ್ತದೆ. ನನ್ನ ಅತ್ತೆ ಉದ್ದ ಚೀಲ ಹೊಲಿದು ಒಂದರ ಹಿಂದೆ ಒಂದು ಸಾಲಾಗಿ ಹಾಕುತ್ತಾರೆ, ಮಲ್ಲಿಗೆ ಮಾಲೆಯ ಹಾಗೆ. ಸೀಟಿನ ಹಿಂಬದಿ ಗೋಡೆಗೆ ಉದ್ದಕ್ಕೂ ತಾಗಿಸಿ ಇಟ್ಟರೆ ಅದರ ಮುಂದೆ ಪೆಟ್ಟಿಗೆ ಹಿಡಿಯುತ್ತದೆ. ರಾಗಿ ಹಿಟ್ಟಿಗೂ ಹೀಗೇ ಮಾಡಬಹುದು. 10 ಕಿಲೋದ ಒಂದು ಮೂಟೆಯ ಬದಲು ಎರಡೆರಡು ಕಿಲೋದ ಐದು ಪೊಟ್ಟಣ. ಎಲ್ಲಿ ಸಂದಿ ಇದೆಯೋ ಅಲ್ಲಿ ಕೂರುತ್ತವೆ.

ಇನ್ನೊಂದು, ನೆಲ ಯಾವಾಗಲೂ ಒಣಗಿರುತ್ತದೆ ಎಂದು ನಂಬಬೇಡಿ. ಕೊಂಕಣ ದಾರಿಯಲ್ಲಿ ಜುಲೈ ತಿಂಗಳ ಮಳೆಯಲ್ಲಿ ಕಿಟಕಿಯಿಂದ ಇಳಿದ ನೀರು ಸೀಟಿನಡಿ ಹರಿದು ಬರುವುದನ್ನು ಎಷ್ಟೋ ಸಲ ನೋಡಿದ್ದೇನೆ. ನಿಮ್ಮದು ಡಿಸೆಂಬರ್, ಮಳೆ ಇಲ್ಲ. ಆದರೆ ಯಾರದೋ ನೀರಿನ ಬಾಟಲಿ ಉರುಳುತ್ತದೆ, ಮಗು ಹಾಲು ಚೆಲ್ಲುತ್ತದೆ. ಮೊದಲು ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಚೀಲ ಇಡಿ. ಎಳೆಯುವಾಗಲೂ ಸಲೀಸು.

ಆರಡಿ ಎರಡಿಂಚು:

ಮಲಗೋ ವಿಷಯಕ್ಕೆ ಬರ್ತೀನಿ. 17 ಮತ್ತು 20 ಎರಡೂ ಲೋವರ್, ಎದುರುಬದುರು. ಅಪ್ಪ ಅಮ್ಮ ಅಲ್ಲಿ. ಇದರಲ್ಲಿ ಎರಡು ಮಾತಿಲ್ಲ. 18 ನಿಮ್ಮ ತಂದೆ ಅಥವಾ ತಾಯಿಯ ಮೇಲಿನ ಮಿಡಲ್. 24 ಸೈಡ್ ಅಪ್ಪರ್, ಓಣಿಯ ಆಚೆ ಬದಿ.

ನಿಮ್ಮ ಎತ್ತರ ಎಷ್ಟು ಅಂತ ಹೇಳಿಲ್ಲ. ಸೈಡ್ ಬರ್ತ್‌ಗಳು ಒಳಗಿನ ಬರ್ತ್‌ಗಳಿಗಿಂತ ಗಿಡ್ಡ. ಅದಲ್ಲದೆ ಎರಡು ತುದಿಯಲ್ಲೂ ತಡಿಕೆ ಇರೋದರಿಂದ ಕಾಲು ಆಚೆ ಚಾಚೋಕೂ ಆಗಲ್ಲ. ನನ್ನಂಥವರು ಅಲ್ಲಿ ಮಲಗಿದರೆ ರಾತ್ರಿಯಿಡೀ ಮಂಡಿ ಮಡಚಿಕೊಂಡೇ ಇರಬೇಕು, ಬೆಳಗ್ಗೆ ಸೊಂಟ ಹಿಡಿದಿರುತ್ತೆ. ಒಳಗಿನ ಬರ್ತ್ ಓಣಿಯ ಕಡೆ ತೆರೆದಿರುತ್ತೆ, ಹಿಮ್ಮಡಿ ಸ್ವಲ್ಪ ಹೊರಗೆ ಬಂದರೂ ನಡೆಯುತ್ತೆ. ಆದ್ದರಿಂದ ಇಬ್ಬರಲ್ಲಿ ಯಾರು ಗಿಡ್ಡವೋ ಅವರು 24ಕ್ಕೆ ಹೋಗಿ. ಎತ್ತರದವರು 18ರಲ್ಲಿ.

ಮಿಡಲ್ ಬರ್ತ್ ಬಿಚ್ಚೋ ಹೊತ್ತು ರಾತ್ರಿ 10ರಿಂದ ಬೆಳಗ್ಗೆ 6. ಅದಕ್ಕೆ ಮುಂಚೆ ಬಿಚ್ಚಬೇಕಾದರೆ ಕೆಳಗೆ ಕೂತವರ ಒಪ್ಪಿಗೆ ಬೇಕು. 17 ಮತ್ತು 18 ಎರಡೂ ನಿಮ್ಮದೇ ಆದ್ದರಿಂದ ನಿಮ್ಮ ಬದಿಯದ್ದನ್ನ ಒಂಬತ್ತಕ್ಕೇ ಬಿಚ್ಚಬಹುದು. ಎದುರಿನ 21 ಬೇರೆಯವರದ್ದು. ಅವರು ಹತ್ತರ ಮೇಲೆ ಬಿಚ್ಚಿದರೆ 20ರಲ್ಲಿ ಇರೋವರು ತಲೆ ಎತ್ತಿ ಕೂರೋಕಾಗಲ್ಲ, ಬಗ್ಗಿಕೊಂಡೇ ಏಳಬೇಕು. ಆದ್ದರಿಂದ ರಾತ್ರಿ ಪದೇ ಪದೇ ಏಳೋ ತಂದೆಯವರಿಗೆ 17 ಕೊಟ್ಟು, ಮೇಲಿನ 18ನ್ನ ಅಗತ್ಯ ಬಿದ್ದಾಗ ನೀವೇ ಇಳಿಸಿಕೊಡೋ ಹಾಗಿರಿ. ಅಮ್ಮ 20ರಲ್ಲಿ.

24ರಲ್ಲಿ ಮಲಗೋವರಿಗೆ: ಚಪ್ಪಲಿ ಓಣಿಯಲ್ಲಿ ಬಿಡಬೇಡಿ. ಗುಡಿಸೋವರ ಪೊರಕೆಗೆ ಸಿಕ್ಕಿ ಬೋಗಿಯ ಇನ್ನೊಂದು ತುದಿ ಸೇರಿರುತ್ತೆ. ಪ್ಲಾಸ್ಟಿಕ್ ಕವರಿಗೆ ಹಾಕಿ ಅಪ್ಪನ ಸೀಟಿನಡಿ ಸೇರಿಸಿ.

ಪುಟ್ಟಿಯ ಅಮ್ಮ:

ಮಗು ಯಾರ ಜೊತೆ ಮಲಗುತ್ತೆ ಅಂತ ಯಾರೂ ಹೇಳ್ತಿಲ್ಲವಲ್ಲ. ಮಿಡಲ್‌ನಲ್ಲಾಗಲಿ ಸೈಡ್ ಅಪ್ಪರ್‌ನಲ್ಲಾಗಲಿ ಮೂರು ವರ್ಷದ ಮಗುವನ್ನ ಮಲಗಿಸಬೇಡಿ. ಅಜ್ಜಿ ಜೊತೆ 20ರಲ್ಲಿ, ಗೋಡೆ ಕಡೆಗೆ. ತಾಯಿ ಬೇಕೇಬೇಕು ಅಂದರೆ ಅಜ್ಜಿ-ಸೊಸೆ ಅದಲು ಬದಲು ಆಗೋಕೆ ಬರಲ್ಲ, ಅವರ ಮಂಡಿಗೆ ಮೇಲೆ ಹತ್ತೋಕಾಗಲ್ಲ. ಹಾಗಾಗಿ ಈಗಿಂದಲೇ ಮನೆಯಲ್ಲಿ ನಾಲ್ಕು ರಾತ್ರಿ ಅಜ್ಜಿ ಜೊತೆ ಮಲಗಿಸಿ ಅಭ್ಯಾಸ ಮಾಡಿಸಿ. ನನ್ನ ಮಗಳಿಗೆ ಹಾಗೇ ಮಾಡಿದ್ದು. ಗಾಡಿಯಲ್ಲಿ ಎದ್ದು ಅತ್ತಿದ್ದು ಒಂದೇ ಸಲ.

2022ರ ಮೇ ತಿಂಗಳಲ್ಲಿ ಲಖನೌ ಮೇಲ್‌ನಲ್ಲಿ ಲೋವರ್ ಬರ್ತ್‌ಗೆ ಅಂಟಿಕೊಂಡ ಹಾಗೆ ಮಗುವಿನ ಪುಟ್ಟ ಬರ್ತ್ ಹಾಕಿ ಪರೀಕ್ಷೆ ಮಾಡಿದ್ದರು. ಫೋಟೋ ನೋಡಿ ಎಷ್ಟು ಖುಷಿಯಾಗಿತ್ತು. ಎಲ್ಲ ಗಾಡಿಗೂ ಬರಲಿ ಅಂತ ಇವತ್ತಿಗೂ ಆಸೆ. ಅಲ್ಲಿಯವರೆಗೆ ಹೊರ ಅಂಚಿಗೆ ಏರ್‌ಬ್ಯಾಗಿನಿಂದ ತೆಗೆದ ಮೆತ್ತನೆ ಬಟ್ಟೆಯನ್ನ ಒಂದು ದಿಂಬಿನ ಚೀಲಕ್ಕೆ ತುಂಬಿ ಒಡ್ಡು ಕಟ್ಟಿ. ಹಗಲು ಅದೇ ಅಪ್ಪನ ಬೆನ್ನಿಗೆ ಒರಗು.

ಹಾಲಿಗೆ ಬಿಸಿನೀರು ಪ್ಯಾಂಟ್ರಿಯಲ್ಲಿ ಕೇಳಿ, ಮಗುವಿಗೆ ಅಂದರೆ ಸಾಮಾನ್ಯವಾಗಿ ಇಲ್ಲ ಅನ್ನಲ್ಲ. ಫ್ಲಾಸ್ಕ್ ಒಯ್ಯಿರಿ. ಎಲೆಕ್ಟ್ರಿಕ್ ಕೆಟಲ್ ಮಾತ್ರ ಬೇಡ. ಆ ಪ್ಲಗ್ಗುಗಳು ಫೋನು, ಲ್ಯಾಪ್‌ಟಾಪಿಗೆ ಮಾತ್ರ, ಕೆಟಲ್ ಹಾಕೋದು ನಿಷೇಧ. ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಚಾರ್ಜಿಂಗ್ ನಿಲ್ಲಿಸೋ ನಿಯಮವೂ ಇದೆ, ಫೋನು ಮುಂಚೆಯೇ ತುಂಬಿಸಿಕೊಳ್ಳಿ.

ಹಳೇ ಹಳಿ:

ಕೆಟಲ್ ಮಾತು ಬಂತು, ಒಲೆಯ ಮಾತೂ ಹೇಳಿಬಿಡ್ತೀನಿ. ಯಾತ್ರೆಗೆ ಹೊರಟ ಹಿರಿಯರು ಸಣ್ಣ ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ ಸ್ಟೌವ್ ಕಟ್ಟಿಕೊಂಡಿರೋದನ್ನ ಕಣ್ಣಾರೆ ಕಂಡಿದ್ದೇನೆ. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೈನಲ್ಲಿ ನಿಂತಿದ್ದ ಪ್ರವಾಸಿ ಬೋಗಿಯಲ್ಲಿ, ಕದ್ದು ತಂದಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ 9 ಜನ ಹೋದರು. ಎಷ್ಟೇ ಮಡಿಯವರಿರಲಿ, ಎಷ್ಟೇ ವಯಸ್ಸಾದವರಿರಲಿ, ಇದರಲ್ಲಿ ದಾಕ್ಷಿಣ್ಯ ಬೇಡ. ಚೀಲ ಬಿಚ್ಚಿಸಿ ಮನೆಯಲ್ಲೇ ಇಡಿಸಿ.

ಸದಾ ಅಪ್ಪರ್:

ಒಂದು ನೋವಿನ ವಿಷಯ ಹೇಳಬೇಕಿದೆ. ನಾನು ಒಬ್ಬನೇ ಓಡಾಡೋನು, ಯಾವಾಗಲೂ ಅಪ್ಪರ್ ಬರ್ತ್. ಮಧ್ಯದ ಊರಲ್ಲಿ ಹತ್ತಿದರೆ ಸೀಟಿನಡಿ ಒಂದು ಬೆರಳು ಜಾಗ ಇರಲ್ಲ. ಕೇಳಿದರೆ "ಲೋವರ್ ನಮ್ಮದು, ಕೆಳಗಿನ ಜಾಗ ನಮ್ಮದು" ಅಂತಾರೆ. ಒಮ್ಮೆ ಇಡೀ ರಾತ್ರಿ ಪೆಟ್ಟಿಗೆಯನ್ನ ಬರ್ತ್ ಮೇಲೇ ಇಟ್ಟುಕೊಂಡು ಅದರ ಸುತ್ತ ಮುದುಡಿ ಮಲಗಿದ್ದೆ. ಸೀಟಿನಡಿಯ ಜಾಗ ಲೋವರ್‌ನವರದ್ದು ಅಂತ ಟಿಕೆಟ್ಟಿನಲ್ಲಿ ಎಲ್ಲೂ ಬರೆದಿಲ್ಲ. ಆ ಕಂಪಾರ್ಟ್‌ಮೆಂಟಲ್ಲಿ ಎಂಟು ಜನ. ಜಾಗ ಎಂಟು ಜನಕ್ಕೂ ಸೇರಿದ್ದು. ತುಮಕೂರಿನವರೇ, ನಿಮಗೆ ಎರಡು ಲೋವರ್ ಸಿಕ್ಕಿರೋದರಿಂದ ಕೇಳ್ತಿದ್ದೇನೆ, ದಯವಿಟ್ಟು 19, 21, 22ರವರಿಗೆ ಜಾಗ ಉಳಿಸಿ. ಅವರು ಎಲ್ಲಿ ಹತ್ತುತ್ತಾರೋ ಏನೋ.

ಕೆಂಪು ರಿಬ್ಬನ್:

ಸದಾ ಅಪ್ಪರ್ ಅವರ ಮಾತು ಅರ್ಥವಾಗುತ್ತೆ, ಆದರೆ ಲೋವರ್‌ನವರ ಕಷ್ಟವೂ ಇದೆ. ಅಪರಿಚಿತರ ಪೆಟ್ಟಿಗೆ ನಮ್ಮ ಕಾಲಡಿ ಇದ್ದಾಗ, ರಾತ್ರಿ ಯಾರೋ ಬಗ್ಗಿ ಎಳೆದರೆ ಅದು ಅವರದ್ದೋ ನಮ್ಮದೋ ಅಂತ ಎದ್ದೆದ್ದು ನೋಡಬೇಕಾಗುತ್ತೆ. ಎಂಟು ವರ್ಷದ ಹಿಂದೆ ಒಂದು ಗಾಡಿಯಲ್ಲಿ ನನ್ನ ತಾಯಿಯ ಕಪ್ಪು ಬ್ಯಾಗು ಬೆಳಗಾಗೋದರೊಳಗೆ ಇರಲಿಲ್ಲ. ಅದರಲ್ಲಿ ಅಪ್ಪನ ಹಳೇ ಕಾಗದಗಳಿದ್ದವು. ದುಡ್ಡು ಹೋದರೆ ಮತ್ತೆ ದುಡಿಯಬಹುದು, ಆ ಕಾಗದ ಯಾರು ಕೊಡ್ತಾರೆ? ಅವತ್ತಿನಿಂದ ನಾನು ಮಾಡೋದು ಇಷ್ಟು. ಲೋವರ್ ಬರ್ತ್ ಕೆಳಗೆ ತಂತಿಯ ಬಳೆಗಳಿರುತ್ತವೆ, ಚೈನು ಹಾಕೋಕೆಂದೇ ಮಾಡಿದ್ದು. ಎಲ್ಲ ಪೆಟ್ಟಿಗೆಗಳ ಹಿಡಿಕೆಯೊಳಗೆ ಒಂದೇ ಉದ್ದದ ಚೈನು ಹಾಯಿಸಿ ಆ ಬಳೆಗೆ ಬೀಗ ಹಾಕ್ತೀನಿ. ಹಿಡಿಕೆ ಗೋಡೆ ಕಡೆಗೆ, ಚಕ್ರ ನಮ್ಮ ಕಡೆಗೆ. ಎಲ್ಲ ಪೆಟ್ಟಿಗೆಗೂ ಕೆಂಪು ರಿಬ್ಬನ್. ಬೇರೆಯವರು ತಮ್ಮ ಚೀಲ ತೆಗೆಯೋವಾಗ ನಮ್ಮದನ್ನ ಮುಟ್ಟೋ ಪ್ರಮೇಯವೇ ಬರಲ್ಲ. ಕಳುವಾದರೆ ಸುಮ್ಮನೆ ಕೂರಬೇಡಿ, ತಕ್ಷಣ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ, ಗಾಡಿಯಲ್ಲೇ ಟಿಕೆಟ್ ನೋಡೋ ಟಿಟಿಇ ಅಥವಾ ಪೊಲೀಸರ ಹತ್ತಿರ ದೂರು ಬರೆಸಿ.

ಬದಲಿ ಸಿಗದ ಕಾಗದ, ಫೋಟೋ, ಒಡವೆ ಸೀಟಿನಡಿಗೆ ಬೇಡ. ತಲೆದೆಸೆ ಚೀಲಕ್ಕೂ ಬೇಡ. ಮೈಮೇಲೆ.

ಸದಾ ಅಪ್ಪರ್:

ನಿಮ್ಮ ತಾಯಿಯವರ ವಿಷಯ ಕೇಳಿ ಬೇಜಾರಾಯಿತು. ಚೈನು ಹಾಕಿ ಒಂದು ಕಡೆ ಒತ್ತಿ ಜೋಡಿಸಿದರೆ ಉಳಿದವರಿಗೂ ಜಾಗ ಉಳಿಯುತ್ತೆ, ಇದು ಇಬ್ಬರಿಗೂ ಒಳ್ಳೆಯದು. ಒಪ್ಪಿದೆ.

ತುಮಕೂರಿನವ:

ಎಲ್ಲ ಓದಿ ಅಮ್ಮನಿಗೂ ಓದಿ ಹೇಳಿದೆ. ಭರಣಿ ರದ್ದು. ರಾಗಿ ಹಿಟ್ಟು ಐದು ಪೊಟ್ಟಣ ಆಯಿತು. ನಾನು ಐದಡಿ ಐದಿಂಚು, ಹೆಂಡತಿ ಐದಡಿ ಎರಡು, ಹಾಗಾಗಿ 24 ಅವಳಿಗೆ. ಎರಡು ಪ್ರಶ್ನೆ ಉಳಿದಿದೆ. ಸ್ವೆಟರು, ಕಂಬಳಿ ಎಲ್ಲಿ ಇಡೋದು? ಇಳಿಯೋವಾಗ ಮೊದಲು ಜನ ಇಳಿಯಬೇಕೋ, ಸಾಮಾನೋ?

ಹಳೇ ಹಳಿ:

ಸ್ವೆಟರಿನ ವಿಷಯ ಕೇಳಿದ್ದು ಒಳ್ಳೆಯದಾಯಿತು, ಇಲ್ಲೇ ಎಲ್ಲರೂ ಎಡವೋದು. ಬೆಂಗಳೂರಲ್ಲಿ ಹತ್ತೋವಾಗ ಚಳಿ ಗೊತ್ತಾಗಲ್ಲ. ಮರುದಿನ ಸೋಲಾಪುರದಲ್ಲಿ ಬಿಸಿಲು, ಫ್ಯಾನು ಬೇಕು ಅನ್ಸುತ್ತೆ. ದೆಹಲಿಗೆ ತಾನೇ ಸ್ವೆಟರು ಅಂತ ದೊಡ್ಡ ಪೆಟ್ಟಿಗೆಯ ತಳಕ್ಕೆ ಹಾಕಿರ್ತಾರೆ. ಎರಡನೇ ರಾತ್ರಿ ಇಟಾರ್ಸಿ ದಾಟಿದ ಮೇಲೆ ಶೀತ ಶುರುವಾಗುತ್ತೆ. ಭೋಪಾಲ್ ಹೊತ್ತಿಗೆ ಕಿಟಕಿ ಮುಚ್ಚಿದರೂ ಸಂದಿಯಿಂದ ಗಾಳಿ ಬರ್‍ರ್ ಅಂತ ಬರುತ್ತೆ. ಆಗ ನಡುರಾತ್ರಿ, ಎಲ್ಲರೂ ಮಲಗಿರೋವಾಗ ಪೆಟ್ಟಿಗೆ ಎಳೆಯೋಕಾಗಲ್ಲ. ಹಾಗಾಗಿ ಉಣ್ಣೆ ಬಟ್ಟೆ ಎರಡನೇ ಗುಂಪಿಗೆ. ಎರಡನೇ ದಿನ ಸಂಜೆ ಮನ್ಮಾಡ್ ಹೊತ್ತಿಗೆ ತೆಗೆದು ಎಲ್ಲರ ತಲೆದೆಸೆಗೆ ಇಟ್ಟುಬಿಡಿ. ಸ್ಲೀಪರ್‌ನಲ್ಲಿ ಹಾಸಿಗೆ ಹೊದಿಕೆ ಕೊಡಲ್ಲ, ಅದು ಎಸಿ ಬೋಗಿಗೆ ಮಾತ್ರ. ತಲೆಗೆ ಒಂದೊಂದು ಕಂಬಳಿ, ಒಂದು ಬೆಡ್‌ಶೀಟು, ಕಿವಿ ಮುಚ್ಚೋ ಟೋಪಿ, ಕಾಲುಚೀಲ. ಕಿಟಕಿಯ ಸಂದಿಗೆ ತುರುಕೋಕೆ ಹಳೇ ಪಂಚೆ ಒಂದು. ಮಗು ಮತ್ತು ಅಮ್ಮನ ತಲೆ ಕಿಟಕಿ ಕಡೆ ಬೇಡ, ಆ ಒಂದು ರಾತ್ರಿ ಓಣಿ ಕಡೆ ತಲೆ ಹಾಕಲಿ.

ಡಿಸೆಂಬರ್‌ನಲ್ಲಿ ಗ್ವಾಲಿಯರ್ ಆಚೆ ಮಂಜು ಬಿದ್ದರೆ ಗಾಡಿ ತಡ. ಎರಡು ಗಂಟೆಯೂ ಆಗಬಹುದು, ಆರೂ ಆಗಬಹುದು. ಒಂದು ಹೊತ್ತಿನ ಊಟ ಮತ್ತು ಒಂದು ದಿನದ ಮಾತ್ರೆ ಹೆಚ್ಚಿಗೆ ಇರಲೇಬೇಕು.

ಅರಸೀಕೆರೆ ಜಂಕ್ಷನ್:

ಇಳಿಯೋ ಪ್ರಶ್ನೆಗೆ ನಾನು ಹೇಳ್ತೀನಿ. ದೆಹಲಿ ಕೊನೇ ನಿಲ್ದಾಣ, ಅವಸರವೇ ಇಲ್ಲ. ನೂಕುನುಗ್ಗಲು ಕಳೆದ ಮೇಲೆ ಎದ್ದರೂ ನಡೆಯುತ್ತೆ. ಕಷ್ಟ ಇರೋದು ನಮ್ಮಂಥವರಿಗೆ, ನಡುರಾತ್ರಿ ಎರಡು ನಿಮಿಷದ ನಿಲುಗಡೆಯಲ್ಲಿ ಇಳಿಯೋವರಿಗೆ. ನಮ್ಮ ಮನೆಯ ಕ್ರಮ ಹೀಗೆ: ಗಟ್ಟಿಮುಟ್ಟಾದ ಒಬ್ಬರು ಮೊದಲು ಇಳಿದು ನಿಲ್ಲಬೇಕು. ಆಮೇಲೆ ವಯಸ್ಸಾದವರು, ಮಕ್ಕಳು. ಆಮೇಲೆ ಸಾಮಾನು. ಇನ್ನೊಬ್ಬರು ಗಟ್ಟಿ ಆಳು ಕಡೆಗೆ. ಕೆಲವರು ಸಾಮಾನು ಮೊದಲು ಅಂತಾರೆ. ನಾನು ಒಪ್ಪಲ್ಲ. ಗಾಡಿ ಹೊರಟೇಬಿಟ್ಟರೆ ಪೆಟ್ಟಿಗೆ ಮುಂದಿನ ಸ್ಟೇಷನ್ನಿಗೆ ಹೋದರೂ ತರಿಸಬಹುದು, ಅಮ್ಮ ಚಲಿಸೋ ಗಾಡಿಯಿಂದ ಕಾಲಿಡೋ ಹಾಗಾಗಬಾರದು. ನಿಲ್ದಾಣ ಬರೋಕೆ ಅರ್ಧ ಗಂಟೆ ಮುಂಚೆ ಬೀಗ ತೆಗೆದು, ಪೆಟ್ಟಿಗೆಗಳನ್ನ ಸೀಟಿನ ಅಂಚಿಗೆ ಎಳೆದಿಡಿ. ಬಾಗಿಲ ಹತ್ತಿರ ಗುಡ್ಡೆ ಹಾಕಬೇಡಿ, ಬೇರೆಯವರಿಗೆ ಓಡಾಡೋಕೆ ದಾರಿ ಬೇಕು.

17 ಅಂದರೆ ಒಂದು ಬದಿಯ ಬಾಗಿಲಿಂದ ಮೂರನೇ ಕಂಪಾರ್ಟ್‌ಮೆಂಟು. ಶೌಚಾಲಯ ಹತ್ತಿರ, ವಾಸನೆ ಅಷ್ಟು ಬರಲ್ಲ. ನಿಮ್ಮ ತಂದೆಯವರಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗ್ತಿರಲಿಲ್ಲ.

ಆರ್‌ಎಸಿ ಅನುಭವಿ:

ಇವರಿಗೆ ಸಂಬಂಧವಿಲ್ಲ, ಆದರೂ ಓದೋ ಬೇರೆಯವರಿಗೆ ಉಪಯೋಗವಾಗಬಹುದು. ಆರ್‌ಎಸಿ, ಅಂದರೆ ಇಡೀ ಬರ್ತ್ ಸಿಗದೆ ಕೂರೋಕೆ ಮಾತ್ರ ಜಾಗ ಇರೋ ಟಿಕೆಟ್ಟು, ಸಿಕ್ಕಿ ಸೈಡ್ ಲೋವರ್‌ನಲ್ಲಿ ಇಬ್ಬರು ಕೂರಬೇಕಾಗಿ ಬಂದರೆ ಮೊದಲ ಹತ್ತು ನಿಮಿಷದಲ್ಲೇ ಮಾತಾಡಿಕೊಳ್ಳಿ, ಯಾರು ಎಷ್ಟು ಹೊತ್ತಿನವರೆಗೆ ಕಾಲು ಚಾಚೋದು ಅಂತ. ಅರ್ಧ ರಾತ್ರಿ ನೀವು, ಅರ್ಧ ರಾತ್ರಿ ನಾನು ಅಂತ ಒಪ್ಪಿಕೊಂಡವರು ಬೆಳಗ್ಗೆ ಒಟ್ಟಿಗೆ ಟೀ ಕುಡಿದು ಇಳೀತಾರೆ. ಎರಡು ಒರಗು ಮಡಚಿ ಬರ್ತ್ ಮಾಡಿದಾಗ ಮಧ್ಯೆ ಒಂದು ಏಣು ಬರುತ್ತೆ, ನೇರ ಸೊಂಟಕ್ಕೆ ಚುಚ್ಚುತ್ತೆ. ಕೆಲವು ಹೊಸ ಬೋಗಿಗಳಲ್ಲಿ ಇದಕ್ಕೆ ಬೇರೆ ಹಲಗೆ ಇದೆ, ಎಳೆದು ಮೇಲೆ ಹಾಸಿಕೊಳ್ಳಬಹುದು. ಇಲ್ಲದ ಕಡೆ ಸ್ನಾನದ ಟವಲನ್ನ ನಾಲ್ಕು ಮಡಿಕೆ ಮಾಡಿ ಆ ಏಣಿನ ಎರಡು ಬದಿಗೂ ಇಟ್ಟರೆ ಸಮವಾಗುತ್ತೆ. ಏಣಿನ ಮೇಲೆ ಇಡಬೇಡಿ, ಇನ್ನೂ ಉಬ್ಬುತ್ತೆ.

ಮತ್ತೆ ಥರ್ಡ್ ಎಸಿಯಲ್ಲಿ ಹೋಗೋವರು ಅಳತೆ ಬೇರೆ ಅನ್ನೋದು ನೆನಪಿಡಿ. ಅಲ್ಲಿ ಪೆಟ್ಟಿಗೆ 55, 45, 22.5 ಸೆಂ.ಮೀ. ಒಳಗಿರಬೇಕು ಅಂತ ನಿಯಮ. ತೂಕ ಅಲ್ಲೂ 40 ಕಿಲೋನೇ. ಬುಕ್ ಮಾಡದೆ ಮಿತಿ ಮೀರಿ ಒಯ್ದು ಸಿಕ್ಕಿಬಿದ್ದರೆ ಲಗೇಜು ದರದ ಆರು ಪಟ್ಟು ಕಟ್ಟಬೇಕಾಗುತ್ತೆ. ಮನೆ ಸಾಗಿಸೋ ಹಾಗಿದ್ದರೆ ಲಗೇಜು ಕಚೇರಿಗೆ ಮುಂಚೆಯೇ ಹೋಗಿ ಬ್ರೇಕ್ ವ್ಯಾನಿಗೆ, ಅಂದರೆ ಗಾಡಿಯ ಲಗೇಜು ಬೋಗಿಗೆ, ಬುಕ್ ಮಾಡಿಸಿ.

ತುಮಕೂರಿನವ:

ದೆಹಲಿಯಿಂದ ಬರೀತಿದ್ದೇನೆ. ನಿನ್ನೆ ಮಧ್ಯಾಹ್ನ ತಲುಪಿದೆವು. ಮಂಜಿನಿಂದ ಮೂರು ಗಂಟೆಗೂ ಮೇಲೆ ತಡವಾಯಿತು. ಗ್ವಾಲಿಯರ್ ಆಚೆ ಎಲ್ಲೋ ಹೊಲದ ಮಧ್ಯೆ ನಿಂತಿದ್ದಾಗ ಅಕ್ಕಪಕ್ಕದವರ ಹತ್ತಿರ ತಿನ್ನೋಕೆ ಏನೂ ಇರಲಿಲ್ಲ. ಧಾರವಾಡದ ಅಕ್ಕನವರ ಮಾತು ಕೇಳಿ ಅಮ್ಮ ತುಮಕೂರಲ್ಲೇ ಜೋಳದ ರೊಟ್ಟಿ ಹುಡುಕಿ ತರಿಸಿದ್ದರು. ಎಂಟು ಜನ ಹಂಚಿಕೊಂಡು ತಿಂದೆವು. ಸೈಡ್ ಲೋವರ್‌ನಲ್ಲಿದ್ದ ಝಾನ್ಸಿ ಕಡೆಯ ತಾತ ಶೇಂಗಾ ಚಟ್ನಿ ಏನು ಅಂತ ಮೂರು ಸಲ ಕೇಳಿದರು.

ದೊಡ್ಡ ಟ್ರಾಲಿ ಬಿಟ್ಟು ಮಧ್ಯಮದ್ದು ಮೂರು ಒಯ್ದಿದ್ದೆವು. ಬೆಂಗಳೂರಲ್ಲಿ ಹತ್ತಿದ ಕೂಡಲೇ ಪ್ಲಾಸ್ಟಿಕ್ ಹಾಸಿ, ಮೂರನ್ನೂ 17ರ ಕೆಳಗೆ ಚೈನು ಹಾಕಿ ಒತ್ತಿ ಕೂರಿಸಿದೆ. ಹಿಟ್ಟಿನ ಪೊಟ್ಟಣ ಹಿಂದಿನ ಗೋಡೆಗುಂಟ. 20ರ ಕೆಳಗೆ ಊಟದ ಬುಟ್ಟಿ ಮತ್ತು ಏರ್‌ಬ್ಯಾಗು ಮಾತ್ರ, ಉಳಿದಿದ್ದು ಖಾಲಿ ಬಿಟ್ಟೆ. 19, 22 ರಾತ್ರಿ ಖಾಲಿ ಇದ್ದವು. ರಾಯಚೂರಲ್ಲಿ, ಇನ್ನೂ ಕತ್ತಲೆ, ಇಬ್ಬರು ಹುಡುಗರು ಹತ್ತಿದರು. ಪರೀಕ್ಷೆ ಬರೆಯೋಕೆ ಹೊರಟವರು, ಒಬ್ಬೊಬ್ಬರ ಕೈಲೂ ಒಂದೊಂದು ತಗಡಿನ ಪೆಟ್ಟಿಗೆ. ಲೈಟು ಹಾಕದೆ ಫೋನಿನ ಬೆಳಕಲ್ಲಿ ಸೀಟಿನಡಿ ನೋಡಿದರು. ಜಾಗ ಕಂಡಿದ್ದೇ ಪೆಟ್ಟಿಗೆ ಎರಡೂ ಮೆಲ್ಲಗೆ ಒಳಗೆ ಜಾರಿಸಿ ಮೇಲೆ ಹತ್ತಿಬಿಟ್ಟರು. ಅಮ್ಮನಿಗಾಗಲಿ ಮಗುವಿಗಾಗಲಿ ಎಚ್ಚರವೇ ಆಗಲಿಲ್ಲ. ಸದಾ ಅಪ್ಪರ್ ಅವರೇ, ಆ ಹೊತ್ತಿನಲ್ಲಿ ನಿಮ್ಮನ್ನ ನೆನೆಸಿಕೊಂಡೆ.

ಸ್ವೆಟರು ಮನ್ಮಾಡಲ್ಲೇ ಹೊರಗೆ ತೆಗೆದೆವು. ಅಪ್ಪ "ಸೆಖೆಯಲ್ಲಿ ಇದೇನು" ಅಂದರು, ರಾತ್ರಿ ಒಂದೂವರೆಗೆ ಅವರೇ ಟೋಪಿ ಕೇಳಿದರು. ಟಾರ್ಚನ್ನ ಕೊಕ್ಕೆಗೆ ತೂಗುಹಾಕಿದ್ದು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಎರಡು ರಾತ್ರಿಯೂ ಅವರು ನನ್ನನ್ನ ಒಮ್ಮೆಯೂ ಎಬ್ಬಿಸಲಿಲ್ಲ.

ಒಂದೇ ಒಂದು ತಪ್ಪು. ಮಗಳ ಮಾತ್ರೆ ಸಿರಪ್ಪು ಹೆಂಡತಿಯ ತಲೆದೆಸೆ ಚೀಲದಲ್ಲಿತ್ತು, ಮಗಳು ಅಜ್ಜಿ ಹತ್ತಿರ. ಕೆಮ್ಮು ಬಂದಾಗ ಹೆಂಡತಿ ಇಳಿದು ಬರಬೇಕಾಯಿತು. ಮಗುವಿನ ಔಷಧಿ ಮಗು ಮಲಗೋ ಕಡೆಯೇ ಇರಬೇಕು. ಮುಂದೆ ಹೋಗೋವರು ಇದನ್ನ ಬರೆದಿಟ್ಟುಕೊಳ್ಳಿ.

ಈಗ ವಾಪಸ್ ಬರೋ ಚಿಂತೆ. ಹಿಟ್ಟು ಕಾಳು ಖಾಲಿಯಾದ ಜಾಗಕ್ಕೆ ಅಣ್ಣ ಎರಡು ಹತ್ತಿ ರಜಾಯಿ ಕೊಡ್ತಿದ್ದಾನೆ. ತೂಕವಿಲ್ಲ, ಆದರೆ ಗಾತ್ರ ಬೆಟ್ಟದಷ್ಟು. ಏನು ಮಾಡಲಿ?

ಕುಂದಾಪ್ರ-ಕುರ್ಲಾ:

ರಜಾಯಿಯನ್ನು ಕಟ್ಟಲೇಬೇಡಿ, ಹಾಸಿಬಿಡಿ. ಎರಡು ಲೋವರ್ ಇದ್ದರೆ ಒಂದೊಂದರ ಮೇಲೂ ಒಂದೊಂದು, ಎರಡು ಮಡಿಕೆ ಮಾಡಿ, ಮೇಲೆ ಬೆಡ್‌ಶೀಟ್. ಅಪ್ಪ ಅಮ್ಮ ಬೆಂಗಳೂರಿನವರೆಗೆ ಅದರ ಮೇಲೇ ಮಲಗಿಕೊಂಡು ಬರಲಿ. ಇಳಿಯಲು ಒಂದು ಗಂಟೆ ಇರುವಾಗ ಬಿಗಿಯಾಗಿ ಸುರುಳಿ ಸುತ್ತಿ ಹಳೇ ಸೀರೆಯಲ್ಲಿ ಎರಡು ಕಡೆ ಗಂಟು ಹಾಕಿ. ಹೆಗಲಿಗೆ ಹಾಕಿಕೊಂಡು ಇಳಿಯಬಹುದು.